‘ಕಾಣಲಿಲ್ಲ’ ಎಂಬ ಸತ್ಯ

ಲೋಕದಲ್ಲಿ ಕಂಡವನಿಗೆ ಕೀರ್ತಿಯುಂಟು. ಕಾಣದೆ ಹಿಂದಿರುಗಿದವನಿಗೆ ಇಲ್ಲ. ಹೊಸ ದ್ವೀಪವನ್ನು ಕಂಡ ನಾವಿಕನ ಹೆಸರು ಚರಿತ್ರೆಯಲ್ಲಿ ನಿಲ್ಲುತ್ತದೆ. ಅದೇ ಕಡಲಿನಲ್ಲಿ ತಿಂಗಳುಗಟ್ಟಲೆ ಅಲೆದು, ‘ಈ ಭಾಗದಲ್ಲಿ ನೆಲವಿಲ್ಲ’ ಎಂದು ಬರೆದಿಟ್ಟ ನಾವಿಕನನ್ನು ಯಾರೂ ನೆನೆಯರು. ಬಾವಿ ತೋಡಿ ನೀರು ಕಂಡವನಿಗೆ ಊರೆಲ್ಲ ಕೈಮುಗಿಯುತ್ತದೆ. ತೋಡಿ ಕಲ್ಲನ್ನು ಮುಟ್ಟಿದವನಿಗೆ ಕೂಲಿಯೂ ಅರೆಮನಸ್ಸಿನಿಂದ ಸಲ್ಲುತ್ತದೆ. ಹೀಗಿರಲು ಒಂದು ಪ್ರಶ್ನೆಯು ಏಳುತ್ತದೆ. ಮನುಷ್ಯನು ಶ್ರದ್ಧೆಯಿಂದ ಹುಡುಕಿ, ಏನನ್ನೂ ಕಾಣದೆ, ‘ಕಾಣಲಿಲ್ಲ’ ಎಂದು ನುಡಿದರೆ ಆ ನುಡಿಗೆ ಬೆಲೆಯುಂಟೇ? ಅದು ಜ್ಞಾನವೇ, ಜ್ಞಾನದ ಅಭಾವವೇ? ಅದು ಸಾರ್ಥಕವಾದ ಕಾಯಕವೇ, ವ್ಯರ್ಥವಾದ ಶ್ರಮವೇ?

ಇದು ಪಂಡಿತರ ವಾದಕ್ಕೆ ಮಾತ್ರ ಸೇರಿದ ಪ್ರಶ್ನೆಯಲ್ಲ. ಗೃಹಸ್ಥನ ದಿನಗಳಲ್ಲಿ ಹೆಚ್ಚಿನವು ವಿಶೇಷವಾದುದೇನನ್ನೂ ಕಾಣದೆ ಕಳೆಯುವ ದಿನಗಳೇ. ಅವುಗಳಿಗೆ ಬೆಲೆಯಿಲ್ಲವೆಂದಾದರೆ ಬಾಳಿನ ಬಹುಭಾಗಕ್ಕೆ ಬೆಲೆಯಿಲ್ಲವೆಂದಾಯಿತು. ಆದುದರಿಂದ ಇದನ್ನು ನಿಧಾನವಾಗಿ ವಿಚಾರಿಸುವುದು ಉಚಿತ. ಈ ವಿಚಾರಕ್ಕೆ ಖಗೋಳಶಾಸ್ತ್ರದಲ್ಲಿ ಒಂದು ಉತ್ತಮವಾದ ನಿದರ್ಶನ ದೊರೆಯುತ್ತದೆ. ದೂರದ ಗೆಲಾಕ್ಸಿಗಳಲ್ಲಿ ಸಿಡಿಯುವ ನಕ್ಷತ್ರಗಳನ್ನು ಹುಡುಕುವವರ ಕಾಯಕವೇ ಆ ನಿದರ್ಶನ.

ರಾತ್ರಿಯಲ್ಲಿ ಬರಿಗಣ್ಣಿಗೆ ಕಾಣುವ ನಕ್ಷತ್ರಗಳೆಲ್ಲವೂ ಆಕಾಶಗಂಗೆಯೆಂಬ ಒಂದೇ ಮಹಾಸಮೂಹಕ್ಕೆ ಸೇರಿದವು. ಇಂಥ ಸಮೂಹವನ್ನು ಗೆಲಾಕ್ಸಿ ಎನ್ನುತ್ತಾರೆ. ಆಕಾಶಗಂಗೆಯ ಆಚೆಗೆ ಇಂಥವು ಎಣಿಕೆಗೆ ಮೀರಿದಷ್ಟು ಇವೆ. ಅವುಗಳ ದೂರವನ್ನು ಗಾವುದಗಳಲ್ಲಿ ಹೇಳಲಾಗದು. ಬೆಳಕು ಒಂದು ವರ್ಷದಲ್ಲಿ ಕ್ರಮಿಸುವ ದೂರವಾದ ಜ್ಯೋತಿರ್ವರ್ಷವೇ ಅಲ್ಲಿಯ ಅಳತೆಗೋಲು. ನೆರೆಯದೆನಿಸಿದ ಆಂಡ್ರೊಮಿಡಾ ಗೆಲಾಕ್ಸಿಯೇ ಸುಮಾರು 25 ಲಕ್ಷ ಜ್ಯೋತಿರ್ವರ್ಷಗಳ ದೂರದಲ್ಲಿದೆ. ಅಷ್ಟು ದೂರದಲ್ಲಿ ಒಂದೊಂದು ನಕ್ಷತ್ರವು ಬೇರೆಯಾಗಿ ತೋರುವುದು ಕಷ್ಟ. ಕೋಟ್ಯಂತರ ನಕ್ಷತ್ರಗಳ ಬೆಳಕು ಕಲೆತು ಮಂಜಿನ ತುಣುಕಿನಂತೆ ಕಾಣುತ್ತದೆ.

ಆದರೆ ಒಮ್ಮೊಮ್ಮೆ ಆ ಮಂಜಿನ ನಡುವೆ ಒಂದು ಹೊಸ ಚುಕ್ಕೆ ಮೂಡಿ, ಕೆಲವು ದಿನಗಳಲ್ಲಿ ಪ್ರಜ್ವಲಿಸಿ, ತಿಂಗಳುಗಳಲ್ಲಿ ಕ್ಷೀಣಿಸಿ ಮರೆಯಾಗುತ್ತದೆ. ಇದೇ ಸೂಪರ್‌ನೋವಾ. ಇದು ಹೊಸ ನಕ್ಷತ್ರದ ಜನನವೆಂದು ಹಿಂದಿನವರು ಭಾವಿಸಿದ್ದರು. ನಿಜದಲ್ಲಿ ಇದು ಹಳೆಯ ನಕ್ಷತ್ರವೊಂದರ ಮರಣ. ಸೂರ್ಯನಿಗಿಂತ ಎಂಟು ಮಡಿಗೂ ಹೆಚ್ಚು ದ್ರವ್ಯವುಳ್ಳ ನಕ್ಷತ್ರದ ಒಡಲಿನಲ್ಲಿ ಉರಿಯುವ ಇಂಧನವು ತೀರಿ ಕಬ್ಬಿಣದ ತಿರುಳು ಉಳಿದಾಗ, ಆ ತಿರುಳು ತನ್ನ ಭಾರವನ್ನು ತಾನೇ ತಾಳಲಾರದೆ ಒಂದು ಕ್ಷಣದಲ್ಲಿ ಕುಸಿಯುತ್ತದೆ. ಹೊರಪದರಗಳು ಸಿಡಿದು ಹಾರುತ್ತವೆ. ಮತ್ತೊಂದು ಬಗೆಯಲ್ಲಿ, ಶ್ವೇತಕುಬ್ಜವೆಂಬ ಪುಟ್ಟ ಸಾಂದ್ರ ನಕ್ಷತ್ರವು ಜೊತೆಯ ನಕ್ಷತ್ರದ ದ್ರವ್ಯವನ್ನು ಸೆಳೆದೋ, ಇನ್ನೊಂದು ಶ್ವೇತಕುಬ್ಜದೊಡನೆ ಕೂಡಿಯೋ ಸಂಪೂರ್ಣವಾಗಿ ಸ್ಫೋಟಿಸುತ್ತದೆ. ಮನುಷ್ಯನು ಉಸಿರಾಡುವ ಆಮ್ಲಜನಕ, ಅವನ ರಕ್ತದಲ್ಲಿನ ಕಬ್ಬಿಣ, ಎಲುಬಿನಲ್ಲಿನ ಸುಣ್ಣ, ಇವುಗಳ ಬಹುಭಾಗವು ಎಂದೋ ಮಡಿದ ಇಂಥ ನಕ್ಷತ್ರಗಳಿಂದಲೇ ಬಂದುದು.

1885ರಲ್ಲಿ ಆಂಡ್ರೊಮಿಡಾದಲ್ಲಿ ಇಂಥದೊಂದು ಚುಕ್ಕೆ ಕಾಣಿಸಿಕೊಂಡಿತು. ಆಕಾಶಗಂಗೆಯ ಹೊರಗೆ ಮನುಷ್ಯನು ಗುರುತಿಸಿದ ಮೊದಲನೆಯ ಸೂಪರ್‌ನೋವಾ ಅದು. ಆದರೆ ಅದು ಎಷ್ಟು ದೂರದ್ದೆಂದು ಆಗ ಯಾರಿಗೂ ತಿಳಿದಿರಲಿಲ್ಲ. 1934ರಲ್ಲಿ ವಾಲ್ಟರ್ ಬಾಡೆ ಮತ್ತು ಫ್ರಿಟ್ಸ್ ಜ್ವಿಕಿ ಎಂಬ ಇಬ್ಬರು ವಿಜ್ಞಾನಿಗಳು ಈ ಘಟನೆಗಳನ್ನು ಬೇರೊಂದು ವರ್ಗವೆಂದು ಸಾರಿ, ನಕ್ಷತ್ರದ ತಿರುಳು ನ್ಯೂಟ್ರಾನುಗಳ ಮುದ್ದೆಯಾಗಿ ಉಳಿಯುವುದೆಂಬ ಊಹೆಯನ್ನು ಮುಂದಿಟ್ಟರು. ಜ್ವಿಕಿಯವರು ಅಷ್ಟಕ್ಕೆ ನಿಲ್ಲದೆ, ಅಮೆರಿಕದ ಪಾಲೊಮಾರ್ ಬೆಟ್ಟದ ಮೇಲೆ 18 ಅಂಗುಲದ ಛಾಯಾದೂರದರ್ಶಕವೊಂದರಿಂದ ಗೆಲಾಕ್ಸಿಗಳ ಚಿತ್ರಗಳನ್ನು ಮತ್ತೆ ಮತ್ತೆ ತೆಗೆದು, ಹಳೆಯ ಚಿತ್ರದೊಡನೆ ಹೊಸದನ್ನು ಹೋಲಿಸಿ ನೋಡುವ ಕ್ರಮವನ್ನು ಸ್ಥಾಪಿಸಿದರು. ಅಂದಿನಿಂದ ಈ ಶೋಧನೆಯು ಒಂದು ವ್ರತದಂತೆ ನಡೆದುಬಂದಿದೆ.

ವ್ರತವೆಂದು ಹೇಳುವುದಕ್ಕೆ ಕಾರಣವುಂಟು. ಒಂದು ದೊಡ್ಡ ಗೆಲಾಕ್ಸಿಯಲ್ಲಿ ಸೂಪರ್‌ನೋವಾ ಸಂಭವಿಸುವುದು ನೂರು ವರ್ಷಗಳಿಗೆ ಸರಾಸರಿ ಒಂದೆರಡು ಬಾರಿ ಮಾತ್ರ. ಆಕಾಶಗಂಗೆಯಲ್ಲಂತೂ ಬರಿಗಣ್ಣಿಗೆ ಸ್ಪಷ್ಟವಾಗಿ ಕಂಡ ಕೊನೆಯ ಸೂಪರ್‌ನೋವಾ 1604ರದು. ಒಂದೇ ಗೆಲಾಕ್ಸಿಯನ್ನು ನೋಡುತ್ತ ಕುಳಿತರೆ ಒಂದು ಜನ್ಮ ಸಾಲದು. ಆದುದರಿಂದ ಶೋಧಕನು ನೂರಾರು ಗೆಲಾಕ್ಸಿಗಳನ್ನು ಸರದಿಯಂತೆ ನೋಡಬೇಕು. ಒಂದೊಂದರ ಬಳಿಯೂ ‘ಹೊಸದಿಲ್ಲ’ ಎಂದುಕೊಂಡು ಮುಂದೆ ಸಾಗಬೇಕು.

ಈ ಕಾಯಕವನ್ನು ಕಣ್ಣಿನಿಂದಲೇ ಮಾಡಿ ಜಗತ್ತಿನ ಗೌರವವನ್ನು ಪಡೆದವರು ಆಸ್ಟ್ರೇಲಿಯದ ರಾಬರ್ಟ್ ಎವನ್ಸ್. ಅವರು ವೃತ್ತಿಯಿಂದ ಕ್ರೈಸ್ತ ಪಾದ್ರಿಗಳು. ತಮ್ಮ ನಾಡಿನ ಧಾರ್ಮಿಕ ಚರಿತ್ರೆಯ ಮೇಲೆ ಗ್ರಂಥಗಳನ್ನು ಬರೆದವರು. ಹಗಲಿನ ಕರ್ತವ್ಯವನ್ನು ಮುಗಿಸಿ, ರಾತ್ರಿಯಲ್ಲಿ ಮನೆಯ ಬಳಿ ದೂರದರ್ಶಕವನ್ನು ನಿಲ್ಲಿಸಿಕೊಂಡು ಗೆಲಾಕ್ಸಿಗಳನ್ನು ನೋಡುತ್ತಿದ್ದರು. ಮೊದಲು ಅವರ ಬಳಿ ಇದ್ದುದು 10 ಅಂಗುಲದ ಕನ್ನಡಿಯ ಸಾಧಾರಣ ದೂರದರ್ಶಕ. ಸಾವಿರಕ್ಕೂ ಮಿಕ್ಕ ಗೆಲಾಕ್ಸಿಗಳ ಸುತ್ತಣ ನಕ್ಷತ್ರಗಳ ವಿನ್ಯಾಸವು ಅವರಿಗೆ ಕಂಠಪಾಠವಾಗಿತ್ತು; ನಕ್ಷೆಯ ನೆರವಿಲ್ಲದೆ ಒಂದು ನೋಟದಲ್ಲಿ ಹೊಸ ಚುಕ್ಕೆಯನ್ನು ಗುರುತಿಸಬಲ್ಲವರಾಗಿದ್ದರು. 1981ರಲ್ಲಿ ಅವರ ಮೊದಲ ಎರಡು ಶೋಧಗಳು ದಾಖಲಾದವು. 2022ರ ನವೆಂಬರಿನಲ್ಲಿ ಅವರು ತೀರಿಕೊಂಡಾಗ, ಕಣ್ಣಿನಿಂದಲೇ ಕಂಡುಹಿಡಿದ ಸೂಪರ್‌ನೋವಾಗಳು 42 ಎಂದು ಅವರ ಲೆಕ್ಕವಿತ್ತು. ಕಣ್ಣಿನ ಶೋಧದಲ್ಲಿ ಅವರನ್ನು ಮೀರಿಸಿದವರಿಲ್ಲ.

ಆದರೆ ಈ 42 ಎಂಬ ಸಂಖ್ಯೆಯ ಹಿಂದೆ ಇನ್ನೊಂದು ಸಂಖ್ಯೆ ಅಡಗಿದೆ. ಒಂದು ಒಳ್ಳೆಯ ಇರುಳಿನಲ್ಲಿ ನೂರಾರು ಗೆಲಾಕ್ಸಿಗಳನ್ನು ನೋಡುವವನು ಹಲವು ದಶಕಗಳಲ್ಲಿ ಎಷ್ಟು ಬಾರಿ ನೋಡಿರಬೇಕು? 42 ಸಲ ‘ಕಂಡೆ’ ಎಂದವರು ಸಾವಿರ ಸಾವಿರ ಸಲ ‘ಕಾಣಲಿಲ್ಲ’ ಎಂದಿದ್ದಾರೆ. ಲೋಕವು ಮೊದಲಿನದನ್ನು ಎಣಿಸಿತು. ಎರಡನೆಯದರ ಗತಿಯೇನು?

ಈ ಪ್ರಶ್ನೆಗೆ 1987ನೆಯ ಇಸವಿಯ ಒಂದು ಘಟನೆಯು ಬೆಳಕು ತೋರುತ್ತದೆ. ಆಕಾಶಗಂಗೆಯ ನೆರೆಯಲ್ಲಿ ಮೆಜೆಲ್ಲನ್ ಮೇಘಗಳೆಂಬ ಎರಡು ಸಣ್ಣ ಗೆಲಾಕ್ಸಿಗಳಿವೆ. ಅವು ದಕ್ಷಿಣ ದೇಶಗಳವರಿಗೆ ಬರಿಗಣ್ಣಿಗೇ ಕಾಣುತ್ತವೆ. ಅವುಗಳಲ್ಲಿ ದೊಡ್ಡದು ಸುಮಾರು 1,68,000 ಜ್ಯೋತಿರ್ವರ್ಷಗಳ ದೂರದಲ್ಲಿದೆ. 1987ರ ಫೆಬ್ರವರಿ 24ರಂದು, ಚಿಲಿ ದೇಶದ ಲಾಸ್ ಕಂಪಾನಸ್ ವೀಕ್ಷಣಾಲಯದಲ್ಲಿ ಇಯನ್ ಶೆಲ್ಟನ್ ಎಂಬವರು ತಾವು ತೆಗೆದ ಛಾಯಾಚಿತ್ರದಲ್ಲಿ ಒಂದು ಹೊಸ ನಕ್ಷತ್ರವನ್ನು ಕಂಡು, ಹೊರಗೆ ಬಂದು ತಲೆಯೆತ್ತಿ ನೋಡಿದರು. ಅದು ಬರಿಗಣ್ಣಿಗೇ ಕಾಣುತ್ತಿತ್ತು. ಅದೇ ವೀಕ್ಷಣಾಲಯದಲ್ಲಿ ಕೆಲಸದಲ್ಲಿದ್ದ ಆಸ್ಕರ್ ದುಆಲ್ಡೆಯವರು ಅದನ್ನು ಆ ರಾತ್ರಿ ಮೊದಲೇ ಕಣ್ಣಾರೆ ಕಂಡಿದ್ದರೂ ಕೆಲಸದ ನಡುವೆ ಹೇಳದೆ ಉಳಿದಿದ್ದರು. ನ್ಯೂಜಿಲೆಂಡಿನಲ್ಲಿ ಆಲ್ಬರ್ಟ್ ಜೋನ್ಸ್ ಎಂಬ ಹವ್ಯಾಸಿ ವೀಕ್ಷಕರೂ ಸ್ವತಂತ್ರವಾಗಿ ಅದನ್ನು ಕಂಡರು. 1604ರ ತರುವಾಯ ಬರಿಗಣ್ಣಿಗೆ ಇಷ್ಟು ಚೆನ್ನಾಗಿ ಕಂಡ ಸೂಪರ್‌ನೋವಾ ಬೇರೊಂದಿರಲಿಲ್ಲ.

ಸುದ್ದಿಯು ಹಬ್ಬಿದೊಡನೆ ಭೂಗರ್ಭದ ಪ್ರಯೋಗಾಲಯಗಳಲ್ಲಿ ದಾಖಲೆಗಳನ್ನು ತೆಗೆದು ನೋಡಿದರು. ಹಿಂದಿನ ದಿನ, ಅಂದರೆ ಫೆಬ್ರವರಿ 23ರಂದು, ವಿಶ್ವಕಾಲಮಾನದಂತೆ 7 ಗಂಟೆ 35 ನಿಮಿಷಕ್ಕೆ, ಜಪಾನಿನ ಕಮಿಯೋಕಾ ಗಣಿಯಲ್ಲಿಯೂ ಅಮೆರಿಕದ ಒಂದು ಉಪ್ಪಿನ ಗಣಿಯಲ್ಲಿಯೂ ಸೋವಿಯತ್ ದೇಶದ ಬಕ್ಸಾನ್ ಕಣಿವೆಯಲ್ಲಿಯೂ ನ್ಯೂಟ್ರಿನೋ ಎಂಬ ಅತಿಸೂಕ್ಷ್ಮ ಕಣಗಳು ಒಟ್ಟು ಇಪ್ಪತ್ತರಿಂದ ಇಪ್ಪತ್ತೈದರಷ್ಟು ಸಿಕ್ಕಿಬಿದ್ದಿದ್ದವು. ನಕ್ಷತ್ರದ ತಿರುಳು ಕುಸಿದ ಕ್ಷಣದಲ್ಲಿ ಹುಟ್ಟಿದ ಕಣಗಳು ಅವು. ಅವಕ್ಕೆ ನಕ್ಷತ್ರದ ಹೊರಪದರಗಳು ಅಡ್ಡಿಯಾಗವು. ಸ್ಫೋಟದ ಅಲೆಯಾದರೋ ಆ ಪದರಗಳನ್ನೆಲ್ಲ ಭೇದಿಸಿಕೊಂಡು ಹೊರಮೈಯನ್ನು ಮುಟ್ಟಬೇಕು. ಆ ಬಳಿಕವೇ ಬೆಳಕು ಹೊರಡುವುದು. ಹಾಗಾದರೆ ಅಲೆಯು ಹೊರಮೈ ಮುಟ್ಟಲು ಎಷ್ಟು ಕಾಲ ಹಿಡಿಯಿತು? ಇದನ್ನು ತಿಳಿದರೆ ಸಿಡಿದ ನಕ್ಷತ್ರದ ಗಾತ್ರವು ತಿಳಿಯುತ್ತದೆ.

ಇಲ್ಲಿ ಆಲ್ಬರ್ಟ್ ಜೋನ್ಸ್ ಅವರ ಮತ್ತೊಂದು ದಾಖಲೆಯು ಮುಂದೆ ಬಂದಿತು. ಅದು ಅವರು ಕಂಡುದರ ದಾಖಲೆಯಲ್ಲ, ಕಾಣದುದರ ದಾಖಲೆ. ಫೆಬ್ರವರಿ 23ರಂದು, ನ್ಯೂಟ್ರಿನೋಗಳು ಬಂದ ಸುಮಾರು ಒಂದು ಮುಕ್ಕಾಲು ಗಂಟೆಯ ಅನಂತರ, 9 ಗಂಟೆ 20 ನಿಮಿಷದ ಸುಮಾರಿಗೆ, ಅವರು ಎಂದಿನಂತೆ ಅದೇ ಮೇಘದ ನಕ್ಷತ್ರಗಳನ್ನು ನೋಡುತ್ತಿದ್ದರು. ವಿಶೇಷವಾದುದೇನೂ ಅಲ್ಲಿರಲಿಲ್ಲ. ಬರಿಗಣ್ಣಿಗೆ ಕಾಣುವ ಎಲ್ಲೆಗಿಂತ ಸ್ವಲ್ಪ ಮಸುಕಾದ ಹೊಸ ಚುಕ್ಕೆ ಇದ್ದಿದ್ದರೂ ಅವರ ಕಣ್ಣಿಗೆ ಬೀಳದೆ ಇರುತ್ತಿರಲಿಲ್ಲ. ಅದಾದ ಸುಮಾರು ಒಂದು ಕಾಲು ಗಂಟೆಯ ಬಳಿಕ ಆಸ್ಟ್ರೇಲಿಯದಲ್ಲಿ ರಾಬರ್ಟ್ ಮೆಕ್‌ನಾಟ್ ಎಂಬವರು ತೆಗೆದ ಛಾಯಾಚಿತ್ರದಲ್ಲಿ ನಕ್ಷತ್ರವು ಆಗಲೇ ಪ್ರಜ್ವಲಿಸುತ್ತಿತ್ತು. ‘ಇಲ್ಲ’ ಮತ್ತು ‘ಉಂಟು’ ಎಂಬ ಈ ಎರಡು ದಾಖಲೆಗಳ ನಡುವಣ ಕಿರುಗಾಲದಲ್ಲಿ ಬೆಳಕು ಕಣ್ಣಿಗೆ ಕಾಣುವ ಮಟ್ಟಕ್ಕೆ ಏರಿತು. ಇಷ್ಟು ಬೇಗ ಅಲೆಯು ಹೊರಮೈಗೆ ಬರಬೇಕಾದರೆ ಸಿಡಿದ ನಕ್ಷತ್ರವು ಮೊದಲು ಊಹಿಸಿದಂತಹ ಉಬ್ಬಿದ ಕೆಂಪು ದೈತ್ಯವಾಗಿರಲಾರದು. ಅದಕ್ಕಿಂತ ಬಹಳ ಚಿಕ್ಕದಾದ ನೀಲಿ ದೈತ್ಯವಾಗಿರಬೇಕು. ಹಳೆಯ ಚಿತ್ರಗಳಲ್ಲಿ ಆ ಸ್ಥಾನದಲ್ಲಿದ್ದುದು ನೀಲಿ ನಕ್ಷತ್ರವೇ ಎಂಬುದೂ ಸಿದ್ಧಪಟ್ಟಿತು. ಸಿದ್ಧಾಂತದ ಗ್ರಂಥಗಳನ್ನು ತಿದ್ದಬೇಕಾಯಿತು. ಆ ತಿದ್ದುಪಡಿಗೆ ನೆರವಾದ ಸಾಕ್ಷ್ಯಗಳಲ್ಲಿ ಒಂದು, ನ್ಯೂಜಿಲೆಂಡಿನ ಒಬ್ಬ ಹವ್ಯಾಸಿಯ ‘ಕಾಣಲಿಲ್ಲ’ ಎಂಬ ನುಡಿ.

ಭಾರತೀಯ ಶಾಸ್ತ್ರಗಳನ್ನು ಬಲ್ಲವರಿಗೆ ಈ ವಿಷಯವು ಹೊಸದಾಗಿ ತೋರದು. ಪ್ರಮಾಣಗಳನ್ನು ಎಣಿಸುವಾಗ ಭಾಟ್ಟ ಮೀಮಾಂಸಕರೂ ವೇದಾಂತಿಗಳಲ್ಲಿ ಅದ್ವೈತಿಗಳೂ ಪ್ರತ್ಯಕ್ಷ, ಅನುಮಾನ ಮೊದಲಾದವುಗಳ ಜೊತೆಗೆ ‘ಅನುಪಲಬ್ಧಿ’ ಎಂಬ ಆರನೆಯದನ್ನು ಒಪ್ಪುತ್ತಾರೆ. ನೆಲದ ಮೇಲೆ ಗಡಿಗೆಯಿಲ್ಲವೆಂಬ ಜ್ಞಾನವು ಹೇಗೆ ಬರುತ್ತದೆ? ಗಡಿಗೆಯು ಕಾಣದಿರುವುದರಿಂದಲೇ ಬರುತ್ತದೆ. ನೈಯಾಯಿಕರು ಇದನ್ನು ಬೇರೆ ಪ್ರಮಾಣವೆಂದು ಒಪ್ಪದಿದ್ದರೂ, ಅಭಾವವು ಅರಿಯತಕ್ಕ ಒಂದು ವಿಷಯವೆಂಬುದನ್ನು ಒಪ್ಪುತ್ತಾರೆ. ‘ಇಲ್ಲ’ ಎಂಬುದೂ ಜ್ಞಾನವೇ ಎಂಬಲ್ಲಿ ಇವರಲ್ಲಿ ವಿವಾದವಿಲ್ಲ.

ಆದರೆ ಶಾಸ್ತ್ರಕಾರರು ಇಲ್ಲಿ ಒಂದು ಕಟ್ಟುಪಾಡನ್ನು ಹಾಕಿದ್ದಾರೆ. ಕಾಣದಿದ್ದ ಮಾತ್ರಕ್ಕೆ ಇಲ್ಲವೆನ್ನಲಾಗದು. ಕತ್ತಲೆಯ ಕೋಣೆಯಲ್ಲಿ ಗಡಿಗೆ ಕಾಣದಿದ್ದರೆ ಗಡಿಗೆಯಿಲ್ಲವೆಂದು ಅರ್ಥವಲ್ಲ. ದೀಪವಿದ್ದು, ಕಣ್ಣು ನೆಟ್ಟಗಿದ್ದು, ಮನಸ್ಸು ಅಲ್ಲಿಯೇ ನಿಂತು, ‘ಇದ್ದಿದ್ದರೆ ಖಂಡಿತವಾಗಿಯೂ ಕಾಣುತ್ತಿತ್ತು’ ಎಂಬ ಸ್ಥಿತಿಯಲ್ಲಿ ಕಾಣದಿದ್ದರೆ ಮಾತ್ರ ಅದು ಪ್ರಮಾಣ. ಇದಕ್ಕೆ ‘ಯೋಗ್ಯಾನುಪಲಬ್ಧಿ’ ಎಂದು ಹೆಸರು. ಜೋನ್ಸ್ ಅವರ ದಾಖಲೆಗೆ ಬೆಲೆ ಬಂದುದು ಈ ಯೋಗ್ಯತೆಯಿಂದಲೇ. ಅವರು ಬರಿದೆ ‘ಏನೂ ಇರಲಿಲ್ಲ’ ಎನ್ನಲಿಲ್ಲ. ಎಷ್ಟು ಮಸುಕಿನವರೆಗಿನ ಚುಕ್ಕೆಯು ತಮಗೆ ಕಾಣುತ್ತಿತ್ತೆಂಬ ಎಲ್ಲೆಯನ್ನೂ ಹೇಳಿದರು. ತನ್ನ ದೃಷ್ಟಿಯ ಎಲ್ಲೆಯನ್ನು ಅರಿತವನ ‘ಇಲ್ಲ’ವು ಜ್ಞಾನ, ಎಲ್ಲೆಯನ್ನು ಅರಿಯದವನ ‘ಇಲ್ಲ’ವು ಬರಿಯ ಮಾತು.

ಇಲ್ಲಿ ಪೂರ್ವಪಕ್ಷವೊಂದು ಏಳಬಹುದು. ಜೋನ್ಸ್ ಅವರ ಆ ಒಂದು ನೋಟಕ್ಕೆ ಬೆಲೆ ಬಂದುದು ದೈವಯೋಗದಿಂದ. ಅದರ ಹತ್ತಿರದಲ್ಲಿಯೇ ಸ್ಫೋಟವು ಸಂಭವಿಸಿತು. ಏನೂ ಸಂಭವಿಸದ ಉಳಿದ ರಾತ್ರಿಗಳ ಲಕ್ಷಾಂತರ ನೋಟಗಳು ವ್ಯರ್ಥವೇ ಅಲ್ಲವೇ ಎಂದು ಕೇಳಬಹುದು.

ಇದಕ್ಕೆ ಸಮಾಧಾನವು ಎರಡು ಬಗೆ. ಯಾವ ಇರುಳಿನ ನೋಟವು ಬೆಲೆಯುಳ್ಳದ್ದಾಗುವುದೆಂದು ನೋಡುವಾಗ ಯಾರಿಗೂ ತಿಳಿಯದು. ಬೆಲೆಯುಳ್ಳ ಇರುಳಿನಲ್ಲಿ ಮಾತ್ರ ನೋಡುವೆನೆಂಬವನು ಯಾವ ಇರುಳಿನಲ್ಲಿಯೂ ನೋಡನು. 2013ರಲ್ಲಿ ತಮ್ಮ 93ನೆಯ ವಯಸ್ಸಿನಲ್ಲಿ ತೀರಿಕೊಂಡ ಜೋನ್ಸ್ ಅವರು ಜೀವಮಾನದಲ್ಲಿ ಐದು ಲಕ್ಷಕ್ಕೂ ಹೆಚ್ಚು ನಕ್ಷತ್ರವೀಕ್ಷಣೆಗಳನ್ನು ಬರೆದಿಟ್ಟವರು. ಅಂಥವರ ಐದು ಲಕ್ಷದಲ್ಲಿ ಒಂದಾಗಿಯೇ ಆ ಒಂದು ನೋಟವು ಬಂದಿತೇ ಹೊರತು, ಅದನ್ನು ಬೇರೆಯಾಗಿ ಪಡೆಯುವ ದಾರಿಯಿರಲಿಲ್ಲ.

ಎರಡನೆಯದಾಗಿ, ಏನೂ ಸಂಭವಿಸದ ನೋಟಗಳೂ ವ್ಯರ್ಥವಲ್ಲ. ಒಂದು ಗೆಲಾಕ್ಸಿಯಲ್ಲಿ ನೂರು ವರ್ಷಗಳಿಗೆ ಎಷ್ಟು ನಕ್ಷತ್ರಗಳು ಸಿಡಿಯುತ್ತವೆಂಬುದನ್ನು ತಿಳಿಯಲು, ಎಷ್ಟು ಕಂಡವೆಂದು ಎಣಿಸಿದರೆ ಸಾಲದು. ಎಷ್ಟು ಗೆಲಾಕ್ಸಿಗಳನ್ನು ಎಷ್ಟು ಸಲ ನೋಡಿಯೂ ಕಾಣಲಿಲ್ಲವೆಂಬುದನ್ನೂ ಎಣಿಸಬೇಕು. ಪಾದ್ರಿ ಎವನ್ಸ್ ಅವರು ಪ್ರತಿಯೊಂದು ನೋಟವನ್ನೂ ಪುಸ್ತಕದಲ್ಲಿ ಬರೆದಿಡುತ್ತಿದ್ದುದರಿಂದ, 1987ರಲ್ಲಿ ಸಿಡ್ನಿ ವ್ಯಾನ್ ಡೆನ್ ಬರ್ಗ್ ಮತ್ತು ರಾಬರ್ಟ್ ಮೆಕ್‌ಕ್ಲೂರ್ ಎಂಬ ವಿಜ್ಞಾನಿಗಳು ಅವರೊಡನೆ ಕೂಡಿ ಆ ದಾಖಲೆಗಳಿಂದಲೇ ಸೂಪರ್‌ನೋವಾಗಳ ಪ್ರಮಾಣವನ್ನು ಲೆಕ್ಕಹಾಕಿ ಪ್ರಕಟಿಸಿದರು. ಭಾಗಾಕಾರದಲ್ಲಿ ಭಾಜ್ಯದಷ್ಟೇ ಭಾಜಕವೂ ಮುಖ್ಯ. ಲೋಕವು ಮರೆತ ಆ ಸಾವಿರಾರು ‘ಇಲ್ಲ’ಗಳೇ ಅಲ್ಲಿ ಭಾಜಕವಾಗಿ ನಿಂತವು.

ಮತ್ತೊಂದು ಪೂರ್ವಪಕ್ಷವುಂಟು. ಈಗ ಯಂತ್ರಗಳು ಬಂದಿವೆ. ಪಾಲೊಮಾರ್ ಬೆಟ್ಟದಲ್ಲಿ 2018ರಿಂದ ಕೆಲಸಮಾಡುತ್ತಿರುವ ಜ್ವಿಕಿಯವರ ಹೆಸರಿನ ಶೋಧನಾ ವ್ಯವಸ್ಥೆಯು ಉತ್ತರದ ಆಕಾಶವನ್ನೆಲ್ಲ ಕೆಲವೇ ರಾತ್ರಿಗಳಿಗೊಮ್ಮೆ ಚಿತ್ರಿಸುತ್ತದೆ. ಅದರ ನೆರವಿನಿಂದ ಬಗೆ ತಿಳಿದ ಸೂಪರ್‌ನೋವಾಗಳೇ 10,000ವನ್ನು ಮೀರಿವೆ. ಚಿಲಿಯಲ್ಲಿ ವೆರಾ ರೂಬಿನ್ ವೀಕ್ಷಣಾಲಯವು 2025ರಲ್ಲಿ ತನ್ನ ಮೊದಲ ಚಿತ್ರಗಳನ್ನು ತೋರಿಸಿತು. ಕಣ್ಣಿನಿಂದ ನೋಡುವ ಮನುಷ್ಯನಿಗೆ ಇನ್ನೇನು ಕೆಲಸ? ಅವನ ನಿಷ್ಠೆಯ ಕಥೆಯು ಇಂದಿಗೆ ಏಕೆ?

ಯಂತ್ರವು ಕೆಲಸದ ಭಾರವನ್ನು ಹೊತ್ತಿದೆ, ನಿಜ. ಆದರೆ ಅದು ಹೊತ್ತಿರುವುದು ಅದೇ ಧರ್ಮವನ್ನು. ಇಂದು ಸೂಪರ್‌ನೋವಾದ ಶೋಧವನ್ನು ಅಂತರರಾಷ್ಟ್ರೀಯ ದಾಖಲೆಗೆ ಒಪ್ಪಿಸುವಾಗ, ಅದನ್ನು ಎಂದು ಕಂಡಿರೆಂಬುದರೊಡನೆ, ಅದೇ ಸ್ಥಾನದಲ್ಲಿ ಕೊನೆಯದಾಗಿ ಎಂದು ಕಾಣಲಿಲ್ಲ, ಆಗ ದೃಷ್ಟಿಯ ಎಲ್ಲೆಯೆಷ್ಟು ಎಂಬುದನ್ನೂ ನಮೂದಿಸುವ ಪದ್ಧತಿಯಿದೆ. ಯೋಗ್ಯಾನುಪಲಬ್ಧಿಯು ಹೀಗೆ ವಿಜ್ಞಾನದ ಕಾಗದಪತ್ರಗಳಲ್ಲಿಯೂ ಸ್ಥಾನವನ್ನು ಪಡೆದಿದೆ.

ಮನುಷ್ಯನ ಪಾಲೂ ತೀರಿಲ್ಲ. 2016ರ ಸೆಪ್ಟೆಂಬರ್ 20ರ ರಾತ್ರಿ, ಅರ್ಜೆಂಟೀನಾದ ರೊಸಾರಿಯೋ ನಗರದಲ್ಲಿ ವಿಕ್ಟರ್ ಬೂಸೋ ಎಂಬ ಬೀಗದ ಕೆಲಸದವರು ತಮ್ಮ ಮನೆಯ ಮೇಲಣ ದೂರದರ್ಶಕಕ್ಕೆ ಹೊಸ ಕ್ಯಾಮೆರಾ ಜೋಡಿಸಿ, ಪರೀಕ್ಷೆಗಾಗಿ ಒಂದು ಗೆಲಾಕ್ಸಿಯ ಚಿತ್ರಗಳನ್ನು ಒಂದರ ಮೇಲೊಂದರಂತೆ ತೆಗೆಯುತ್ತಿದ್ದರು. ಮೊದಲ ಚಿತ್ರಗಳಲ್ಲಿ ಏನೂ ಇರಲಿಲ್ಲ. ಅದೇ ರಾತ್ರಿಯ ಮುಂದಣ ಚಿತ್ರಗಳಲ್ಲಿ ಒಂದು ಚುಕ್ಕೆ ಮೂಡಿ ಬೆಳಗತೊಡಗಿತ್ತು. ಸ್ಫೋಟದ ಅಲೆಯು ನಕ್ಷತ್ರದ ಹೊರಮೈಯನ್ನು ಭೇದಿಸುವ ಆ ಗಳಿಗೆಯನ್ನು ಅಷ್ಟು ಸ್ಪಷ್ಟವಾಗಿ ಸಾಧಾರಣ ಬೆಳಕಿನಲ್ಲಿ ಅದುವರೆಗೆ ಯಾರೂ ಹಿಡಿದಿರಲಿಲ್ಲ. ಆ ಖಾಲಿ ಚಿತ್ರಗಳನ್ನು ಅವರು ಅಳಿಸಿಹಾಕಿದ್ದರೆ ಮುಂದಣ ಚಿತ್ರಗಳ ಬೆಲೆಯು ಅರ್ಧಕ್ಕಿಳಿಯುತ್ತಿತ್ತು. 2023ರ ಮೇ 19ರಂದು ಜಪಾನಿನ ಹವ್ಯಾಸಿ ಕೋಯಿಚಿ ಇತಗಾಕಿಯವರು ಸುಮಾರು ಎರಡು ಕೋಟಿ ಜ್ಯೋತಿರ್ವರ್ಷಗಳಾಚೆಯ ಗೆಲಾಕ್ಸಿಯೊಂದರಲ್ಲಿ ಸೂಪರ್‌ನೋವಾವನ್ನು ಕಂಡಾಗಲೂ, ಹಲವು ದೇಶಗಳ ಹವ್ಯಾಸಿಗಳು ತಮ್ಮ ಹಿಂದಿನ ರಾತ್ರಿಗಳ ಚಿತ್ರಗಳನ್ನು ತೆಗೆದು, ಇದ್ದುದನ್ನೂ ಇಲ್ಲದುದನ್ನೂ ಒಪ್ಪಿಸಿದರು. ಆ ಸೂಪರ್‌ನೋವಾವನ್ನು ಲಡಾಖಿನ ಹಾನ್ಲೆಯಲ್ಲಿರುವ ಹಿಮಾಲಯನ್ ಚಂದ್ರ ದೂರದರ್ಶಕವೂ ಅನುಸರಿಸಿ ನೋಡಿತು. 4,500 ಮೀಟರು ಎತ್ತರದ ಆ ದೂರದರ್ಶಕವನ್ನು ನಡೆಸುವವರು ಕುಳಿತಿರುವುದು ಬೆಂಗಳೂರಿನ ಬಳಿಯ ಹೊಸಕೋಟೆಯಲ್ಲಿ ಎಂಬುದು ಕನ್ನಡಿಗರು ತಿಳಿದಿರತಕ್ಕ ಸಂಗತಿ.

ಇನ್ನು ಈ ವಿಚಾರದ ನೈತಿಕವಾದ ತಿರುಳನ್ನು ನೋಡಬೇಕು. ‘ಕಂಡೆ’ ಎಂಬ ನುಡಿಗೆ ಸಾಕ್ಷಿಗಳುಂಟು. ಒಬ್ಬನು ಹೊಸ ಚುಕ್ಕೆಯನ್ನು ಕಂಡೆನೆಂದರೆ ಮರುರಾತ್ರಿ ಹತ್ತು ಜನ ಅಲ್ಲಿ ನೋಡುತ್ತಾರೆ. ಘೋಷಿಸುವ ಮುನ್ನ ಮತ್ತೊಬ್ಬ ವೀಕ್ಷಕನಿಂದ ದೃಢಪಡಿಸಿಕೊಳ್ಳುವುದು ಹಿಂದಿನಿಂದಲೂ ಬಂದ ರೂಢಿ. ದಾರಿಹೋಕ ಕ್ಷುದ್ರಗ್ರಹವೋ, ಚಿತ್ರಫಲಕದ ಕಲೆಯೋ ಆಗಿದ್ದರೆ ಬೇಗನೆ ಬಯಲಾಗುತ್ತದೆ. ನಿಜವಾದ ಚುಕ್ಕೆಯೂ ಮೋಸಗೊಳಿಸುವುದುಂಟು. 2009ರಲ್ಲಿ ಒಂದು ಗೆಲಾಕ್ಸಿಯಲ್ಲಿ ಕಂಡ ಸ್ಫೋಟಕ್ಕೆ ಸೂಪರ್‌ನೋವಾ ಎಂದು ಹೆಸರಿಟ್ಟರು. ಬಳಿಕ ನೋಡಿದರೆ ನಕ್ಷತ್ರವು ಸತ್ತಿರಲಿಲ್ಲ, ಕೆರಳಿ ಉಗುಳಿತ್ತು, ಅಷ್ಟೇ. ಅದು ಮತ್ತೆ ಕೆರಳಿತು. 2012ರಲ್ಲಿ ಹಿಂದೆಂದಿಗಿಂತಲೂ ಪ್ರಚಂಡವಾಗಿ ಸ್ಫೋಟಿಸಿತು. ಅದು ಸತ್ತಿತೋ ಇಲ್ಲವೋ ಎಂದು ವಿಜ್ಞಾನಿಗಳು ವರ್ಷಗಳವರೆಗೆ ವಾದಿಸಿದರು. ಹಬಲ್ ದೂರದರ್ಶಕದ ಚಿತ್ರಗಳಲ್ಲಿ ಅದು ತನ್ನ ಮೂಲಕಾಂತಿಗಿಂತ ಮಸುಕಾಗಿರುವುದನ್ನು ಕಂಡು, ಬಹುಶಃ ನಕ್ಷತ್ರವು ಅಳಿದುಹೋಗಿದೆಯೆಂದು 2022ರಲ್ಲಿ ಪ್ರಕಟಿಸಿದರು. ‘ಕಂಡೆ’ ಎಂಬುದರಲ್ಲಿ ತಪ್ಪು ಬಂದರೂ ಕಾಲವೂ ಇತರರ ಕಣ್ಣುಗಳೂ ಅದನ್ನು ಹೀಗೆ ತಿದ್ದುತ್ತವೆ.

‘ಕಾಣಲಿಲ್ಲ’ ಎಂಬುದಕ್ಕೆ ಈ ರಕ್ಷೆಯಿಲ್ಲ. ಕಣ್ಣಿನಿಂದ ನೋಡಿದ ಇರುಳು ಕಳೆದುಹೋದ ಮೇಲೆ ಆ ಇರುಳಿನ ಆಕಾಶವನ್ನು ಮತ್ತೊಬ್ಬನು ನೋಡಲಾರನು. ಚಳಿಗೆ ಬೇಸತ್ತ ವೀಕ್ಷಕನು ನೂರು ಗೆಲಾಕ್ಸಿಗಳಲ್ಲಿ ತೊಂಬತ್ತನ್ನು ನೋಡಿ, ಉಳಿದ ಹತ್ತರ ಎದುರಿಗೂ ‘ಇಲ್ಲ’ ಎಂದು ಬರೆದರೆ ಅವನನ್ನು ಹಿಡಿಯುವವರಾರು? ಬಹುಮಟ್ಟಿಗೆ ಅವನ ಮಾತು ನಿಜವೇ ಆಗಿರುತ್ತದೆ. ಆ ಹತ್ತರಲ್ಲಿ ನಿಜವಾಗಿಯೂ ಏನೂ ಇರುವುದಿಲ್ಲ. ಹಾಗಿದ್ದರೂ ಅವನು ಸುಳ್ಳಾಡಿದನು. ನುಡಿಯು ವಸ್ತುಸ್ಥಿತಿಗೆ ಹೊಂದಿದ ಮಾತ್ರಕ್ಕೆ ಸತ್ಯವಾಗದು. ನುಡಿದವನು ಅದನ್ನು ಅರಿತು ನುಡಿದಿರಬೇಕು. ಅರಿಯದೆ ಆಡಿದ ನಿಜವು ಕದ್ದ ಹೊನ್ನಿನಂತೆ. ಹೊನ್ನು ಅಪ್ಪಟವಾದರೂ ಅವನದಲ್ಲ.

ಇದರಿಂದ ಒಂದು ಸಿದ್ಧಾಂತವು ಹೊರಡುತ್ತದೆ. ‘ಕಂಡೆ’ ಎಂಬ ನುಡಿಯು ವಸ್ತುವಿನ ಬಲದಿಂದ ನಿಲ್ಲುತ್ತದೆ. ‘ಕಾಣಲಿಲ್ಲ’ ಎಂಬ ನುಡಿಯು ನುಡಿದವನ ಶೀಲದ ಬಲದಿಂದಲೇ ನಿಲ್ಲಬೇಕು. ದಶಕಗಳ ಕಾಲ ಜೋನ್ಸ್ ಅವರು ಬರೆದ ಅಂಕಗಳು ನಂಬತಕ್ಕವೆಂದು ತಿಳಿದಿದ್ದರಿಂದಲೇ ವಿಜ್ಞಾನಿಗಳು ಅವರ ಒಂದು ‘ಇಲ್ಲ’ವನ್ನು ನಂಬಿ ಲೆಕ್ಕಕ್ಕೆ ಸೇರಿಸಿದರು. ಆ ಒಂದು ರಾತ್ರಿಗೆ ಹಿಂದಿನ ಎಲ್ಲ ರಾತ್ರಿಗಳೂ ಜಾಮೀನಾಗಿ ನಿಂತವು. ಫಲವಿಲ್ಲದವೆಂದು ತೋರಿದ ರಾತ್ರಿಗಳು ಹಾಗೆ ತಮ್ಮ ಫಲವನ್ನು ಕೊಟ್ಟವು.

ಈಗ ದೂರದರ್ಶಕವನ್ನು ಬಿಟ್ಟು ಊರಿಗೆ ಹಿಂದಿರುಗೋಣ. ಮಳೆಗಾಲದ ಇರುಳಿನಲ್ಲಿ ಕೆರೆಯ ಏರಿಯ ಮೇಲೆ ಕಂದೀಲು ಹಿಡಿದು ನಡೆಯುವ ನೀರುಗಂಟಿಯು ಬೆಳಗ್ಗೆ ಬಂದು ‘ಏರಿಯಲ್ಲಿ ಬಿರುಕಿಲ್ಲ’ ಎನ್ನುತ್ತಾನೆ. ಊರವರು ಅವನಿಗೆ ಹಾರ ಹಾಕುವುದಿಲ್ಲ. ಬಿರುಕನ್ನು ಕಂಡು ಕೂಗಿಕೊಂಡ ದಿನ ಮಾತ್ರ ಅವನನ್ನು ಹೊಗಳುತ್ತಾರೆ. ಆದರೆ ಊರು ನಿದ್ದೆಮಾಡುವುದು ಅವನ ‘ಇಲ್ಲ’ವನ್ನು ನಂಬಿ. ಅವನು ಏರಿಯ ಕೊನೆಯವರೆಗೆ ನಡೆದನೋ, ಅರ್ಧದಲ್ಲಿ ಮರದಡಿ ನಿಂತು ಹಿಂದಿರುಗಿದನೋ ಬಲ್ಲವನು ಅವನೊಬ್ಬನೇ. ರೋಗಿಯ ಮೈಯನ್ನು ಪರೀಕ್ಷಿಸಿ ‘ಭಯಪಡುವಂಥದೇನೂ ಇಲ್ಲ’ ಎನ್ನುವ ವೈದ್ಯ, ಲೆಕ್ಕದ ಪುಸ್ತಕವನ್ನು ನೋಡಿ ‘ವ್ಯತ್ಯಾಸವಿಲ್ಲ’ ಎಂದು ಸಹಿ ಹಾಕುವ ಗುಮಾಸ್ತ, ಅಕ್ಕಿಯನ್ನು ಆರಿಸಿ ‘ಕಲ್ಲಿಲ್ಲ’ ಎಂದು ಎಸರಿಗೆ ಹಾಕುವ ಗೃಹಿಣಿ, ಇವರೆಲ್ಲರೂ ಅದೇ ಸ್ಥಿತಿಯಲ್ಲಿದ್ದಾರೆ. ಇವರ ಕೆಲಸವು ಸರಿಯಾಗಿ ನಡೆದ ದಿನ ಏನೂ ಸಂಭವಿಸುವುದಿಲ್ಲ. ಏನೂ ಸಂಭವಿಸದ ಕಾರಣ ಯಾರೂ ಗಮನಿಸುವುದಿಲ್ಲ.

ಯಾರೂ ಗಮನಿಸದ ಕೆಲಸದಲ್ಲಿ ಶುಚಿಯಾಗಿರುವುದೇ ಕಾಯಕದ ಒರೆಗಲ್ಲು ಎಂಬುದು ಶರಣರ ಮಾರ್ಗವನ್ನು ಬಲ್ಲ ಮನೆಗಳಿಗೆ ವಿವರಿಸಿ ಹೇಳಬೇಕಾದ ಮಾತಲ್ಲ. ಹೇಳಬೇಕಾದುದು ಇಷ್ಟೇ: ಒಂದು, ನೋಡದೆ ‘ಇಲ್ಲ’ ಎನ್ನಬಾರದು. ಎರಡು, ನೋಡಿದಾಗ ತನ್ನ ದೀಪವು ಎಷ್ಟು ದೂರ ಬೆಳಗಿತೆಂಬುದನ್ನು ಮರೆಮಾಚಬಾರದು. ಬೆಳಕು ತಲುಪದ ಮೂಲೆಯನ್ನು ‘ಅಲ್ಲಿ ನೋಡಲಾಗಲಿಲ್ಲ’ ಎಂದು ಒಪ್ಪಿಕೊಳ್ಳುವುದು ಸೋಲಲ್ಲ. ಮೂರು, ನಿಷ್ಠೆಯಿಂದ ನೋಡಿಯೂ ಕಾಣದಿದ್ದಾಗ ಕುಗ್ಗಬಾರದು. ಆ ದಿನದ ಕೆಲಸವು ಆ ದಿನವೇ ಪೂರ್ಣವಾಗಿದೆ.

1,68,000 ವರ್ಷಗಳ ಹಿಂದೆ ಹೊರಟ ಬೆಳಕು ಬಂದು ಮುಟ್ಟುವುದಕ್ಕೆ ಒಂದು ಗಂಟೆ ಮೊದಲು ಒಬ್ಬ ಮನುಷ್ಯನು ಆ ಕಡೆಗೆ ಕಣ್ಣಿಟ್ಟಿದ್ದನು. ಅವನಿಗೆ ಕಂಡುದು ಎಂದಿನ ಆಕಾಶ. ಅವನು ಅದನ್ನೇ ಬರೆದನು. ಮರುರಾತ್ರಿ ನಕ್ಷತ್ರವನ್ನು ಕಂಡಾಗ ಅದನ್ನೂ ಬರೆದನು. ಎರಡು ರಾತ್ರಿಯೂ ಅವನು ಮಾಡಿದ ಕೆಲಸವು ಒಂದೇ, ಬೇರೆಯಾದುದು ಆಕಾಶ. ತನ್ನ ಪಾಲಿನ ಕೆಲಸವು ಯಾವುದು, ಆಕಾಶದ ಪಾಲಿನದು ಯಾವುದು ಎಂಬ ಈ ವಿವೇಕವು ಗೃಹಸ್ಥನಿಗೆ ದೊರೆತರೆ, ಏನೂ ಕಾಣದೆ ಕಳೆದ ದಿನದ ಸಂಜೆಯಲ್ಲಿಯೂ ಅವನು ನಿಶ್ಚಿಂತನಾಗಿ ದೀಪವನ್ನು ತಗ್ಗಿಸಬಲ್ಲನು.